ಮೈಮರೆವಾ, ಮೈಯೆಚ್ಚರವಾ? ರಂಗೂನಿನ ಒಂದು ಸರ್ಕಾರಿ ಆಫೀಸಿನಿಂದ ನಮ್ಮ ಆಫೀಸಿನವರೆಗೆ

ಈ ಸಲದ ಮಾತನ್ನ ಒಂದು ಕನ್ನಡ ಪದದಿಂದ ಶುರು ಮಾಡ್ತೀನಿ: ಮೈಮರೆಯೋದು.

ಒಬ್ಬ ಗಾಯಕ ಚೆನ್ನಾಗಿ ಹಾಡಿದರೆ ನಾವು ಏನಂತೀವಿ? "ಮೈಮರೆತು ಹಾಡಿದ" ಅಂತೀವಿ. ಚಿತ್ರ ಬರೆಯುತ್ತಾ ಕೂತ ಹುಡುಗಿ ಊಟದ ಹೊತ್ತು ಮೀರಿದರೂ ಏಳಲಿಲ್ಲ ಅಂದರೆ, "ಮೈಮ್ಯಾಲೆ ಖಬರಽ ಇಲ್ಲ ನೋಡ್ರಿ ಇಕಿಗೆ" ಅಂತ ಧಾರವಾಡದ ಕಡೆ ಅಕ್ಕರೆಯಿಂದಲೇ ಬೈತಾರೆ. ಅಂದರೆ ನಮ್ಮ ಭಾಷೆಯ ಲೆಕ್ಕದಲ್ಲಿ, ಏನಾದರೂ ಹೊಸದು ಹುಟ್ಟಬೇಕಾದರೆ ಮನುಷ್ಯ ಮೈಮರೆಯಬೇಕು.

ಈಗ ಇನ್ನೊಂದು ಕಡೆ ನೋಡಿ. ನೀವು ಪುಣೆಯ ಹಿಂಜೆವಾಡಿಯಲ್ಲಿರಿ, ಹೈದರಾಬಾದಿನ ಗಚ್ಚಿಬೌಲಿಯಲ್ಲಿರಿ, ಚೆನ್ನೈನ ಓಎಂಆರ್‌ನಲ್ಲಿರಿ, ಗುರುಗ್ರಾಮದಲ್ಲಿರಿ, ವರ್ಷದಲ್ಲಿ ಒಮ್ಮೆಯಾದರೂ ಎಚ್‌ಆರ್ ಕಡೆಯಿಂದ ಒಂದು ಮೇಲ್ ಬಂದೇ ಬರುತ್ತೆ. ಮಧ್ಯಾಹ್ನ ಮೂರಕ್ಕೆ ಮೈಂಡ್‌ಫುಲ್‌ನೆಸ್ ಸೆಷನ್ ಇದೆ, ಒತ್ತಡ ಕಮ್ಮಿ ಆಗುತ್ತೆ, ಕ್ರಿಯೇಟಿವಿಟಿ ಜಾಸ್ತಿ ಆಗುತ್ತೆ ಅಂತ. ಅಲ್ಲಿ ಹೋಗಿ ಕೂತರೆ ಹೇಳೋದು ನಮ್ಮ ಗಾದೆಮಾತಿಗೆ ಪೂರ್ತಿ ಉಲ್ಟಾ: ಮೈಮರೀಬೇಡಿ, ಮೈಮೇಲೆ ಎಚ್ಚರ ಇಡಿ, ಉಸಿರು ಒಳಗೆ ಹೋಗೋದನ್ನ ನೋಡಿ, ಹೊರಗೆ ಬರೋದನ್ನ ನೋಡಿ.

ಹಾಗಾದರೆ ಯಾವುದು ಸರಿ? ಹೊಸ ಯೋಚನೆ ಹುಟ್ಟೋದು ಮೈಮರೆವಿನಿಂದಲಾ, ಮೈಯೆಚ್ಚರದಿಂದಲಾ? ಇದನ್ನ ತರ್ಕ ಮಾಡಿ ಬಿಡಿಸೋದಕ್ಕಿಂತ ಈ ಮೈಂಡ್‌ಫುಲ್‌ನೆಸ್ ಅನ್ನೋದು ನಮ್ಮ ಮೀಟಿಂಗ್ ರೂಮಿನವರೆಗೆ ಯಾವ ದಾರಿಯಿಂದ ನಡೆದು ಬಂತು ಅಂತ ನೋಡೋದು ಒಳ್ಳೆಯದು. ಆ ದಾರಿಯಲ್ಲೇ ಉತ್ತರದ ಬಹುಪಾಲು ಬಿದ್ದಿದೆ ಅಂತ ನನಗನ್ನಿಸುತ್ತೆ.

ಸತಿ ಅಂದರೆ ನೆನಪು

ಇಂಗ್ಲಿಷಿನ ಮೈಂಡ್‌ಫುಲ್‌ನೆಸ್ ಹಳೆಯ ಪದವೇ. ಆದರೆ ಅದಕ್ಕೆ ಬೌದ್ಧ ಅರ್ಥ ಅಂಟಿಕೊಂಡಿದ್ದು 19ನೇ ಶತಮಾನದಲ್ಲಿ. ಟಿ. ಡಬ್ಲ್ಯೂ. ರೀಸ್ ಡೇವಿಡ್ಸ್ ಅಂತ ಒಬ್ಬರು ಸಿಲೋನ್ ಸಿವಿಲ್ ಸರ್ವೀಸಿನಲ್ಲಿ ಅಧಿಕಾರಿಯಾಗಿದ್ದರು. ಅಲ್ಲಿ ಪಾಲಿ ಕಲಿತರು. ಕೆಲಸ ಹೋದ ಮೇಲೆ ಇಂಗ್ಲೆಂಡಿಗೆ ವಾಪಸ್ ಬಂದು ಪಾಲಿ ಗ್ರಂಥಗಳ ಅನುವಾದಕ್ಕೆ ಕೂತರು. ಮ್ಯಾಕ್ಸ್ ಮುಲ್ಲರ್ ಸಂಪಾದಿಸುತ್ತಿದ್ದ ಪೂರ್ವದೇಶಗಳ ಪವಿತ್ರ ಗ್ರಂಥಗಳ ಮಾಲೆಯಲ್ಲಿ 1881ರಲ್ಲಿ ಅವರ ಬೌದ್ಧ ಸುತ್ತಗಳ ಸಂಪುಟ ಬಂತು. ಅದರಲ್ಲಿ ಪಾಲಿಯ "ಸತಿ" ಅನ್ನೋ ಪದಕ್ಕೆ ಅವರು ಕೊಟ್ಟ ಇಂಗ್ಲಿಷ್ ಪದವೇ ಮೈಂಡ್‌ಫುಲ್‌ನೆಸ್. ಆ ಅನುವಾದ ನಿಂತುಬಿಟ್ಟಿತು.

ಪಾಲಿಯ ಸತಿ ನಮಗೆ ಪರಕೀಯ ಏನಲ್ಲ. ಅದು ಸಂಸ್ಕೃತದ ಸ್ಮೃತಿ. ಅಂದರೆ ನೆನಪು. ಮರೆಯದೇ ಇರೋದು. ಏನನ್ನ ಮರೆಯದೇ ಇರೋದು? ಈಗ ಏನು ಮಾಡ್ತಿದ್ದೀನಿ, ಯಾಕೆ ಮಾಡ್ತಿದ್ದೀನಿ ಅನ್ನೋದನ್ನ. ಬೌದ್ಧ ಸುತ್ತಗಳಲ್ಲಿ ಇದಕ್ಕೊಂದು ಹೋಲಿಕೆ ಇದೆ: ಸತಿ ಅನ್ನೋದು ಗಡಿನಾಡಿನ ಕೋಟೆಯ ಬಾಗಿಲು ಕಾಯೋ ಜಾಣ ಕಾವಲುಗಾರನ ಹಾಗೆ. ಪರಿಚಯದವರನ್ನ ಒಳಗೆ ಬಿಡ್ತಾನೆ, ಅಪರಿಚಿತರನ್ನ ತಡೀತಾನೆ. ನಮ್ಮ ಅಪಾರ್ಟ್‌ಮೆಂಟ್ ಗೇಟಿನ ವಾಚ್‌ಮನ್ ಅನ್ಕೊಳ್ಳಿ.

ಈ ಹೋಲಿಕೆ ಸ್ವಲ್ಪ ಜೇಬಲ್ಲಿ ಇಟ್ಕೊಂಡಿರಿ, ಆಮೇಲೆ ಬೇಕಾಗುತ್ತೆ. ಸದ್ಯಕ್ಕೆ ಒಂದೇ ವಿಷಯ ಗಮನಿಸಿ: ವಾಚ್‌ಮನ್ ಮನೆ ಕಟ್ಟೋದಿಲ್ಲ, ಅಡುಗೆ ಮಾಡೋದಿಲ್ಲ, ಏನನ್ನೂ ತಯಾರು ಮಾಡೋದಿಲ್ಲ. ಬಂದವರು ಯಾರು ಅಂತ ಗುರುತು ಹಿಡೀತಾನೆ, ಅಷ್ಟೇ.

ರತ್ನಗಿರಿಯ ಅರಮನೆ, ಬರ್ಮಾದ ಭಿಕ್ಷು

ಮುಂಬೈ, ಪುಣೆಯಲ್ಲಿರೋರು ಕೊಂಕಣದ ಕಡೆ ಹೋದಾಗ ರತ್ನಗಿರಿಯಲ್ಲಿ "ಥಿಬಾ ಅರಮನೆ" ನೋಡಿರಬಹುದು. ಅದು ಬರ್ಮಾದ ಕೊನೆಯ ರಾಜ ಥಿಬಾನನ್ನ ಬ್ರಿಟಿಷರು ಇಟ್ಟಿದ್ದ ಜಾಗ. 1885ರ ನವೆಂಬರಿನಲ್ಲಿ ಮೂರನೇ ಆಂಗ್ಲೋ-ಬರ್ಮಾ ಯುದ್ಧ ಕೆಲವೇ ವಾರಗಳಲ್ಲಿ ಮುಗಿದುಹೋಯಿತು. ರಾಜನನ್ನ ಕುಟುಂಬದ ಸಮೇತ ಹಡಗು ಹತ್ತಿಸಿ ನಮ್ಮ ಪಶ್ಚಿಮ ಕರಾವಳಿಗೆ ತಂದರು. ಅವನು 1916ರಲ್ಲಿ ರತ್ನಗಿರಿಯಲ್ಲೇ ತೀರಿಕೊಂಡ.

ಧ್ಯಾನಕ್ಕೂ ಇದಕ್ಕೂ ಏನು ಸಂಬಂಧ ಅಂತೀರಾ? ಇದೆ. ಬರ್ಮಾದಲ್ಲಿ ಬೌದ್ಧ ಧರ್ಮವನ್ನ ಕಾಪಾಡೋದು ರಾಜನ ಹೊಣೆ ಅಂತ ಇತ್ತು. ರಾಜನೇ ಹೋದ. ಇನ್ನು ಧರ್ಮ ಉಳಿಯೋದು ಹೇಗೆ? ಲೆಡಿ ಸಯಾಡೋ (1846–1923) ಅನ್ನೋ ವಿದ್ವಾಂಸ ಭಿಕ್ಷು ಇದಕ್ಕೆ ಕಂಡುಕೊಂಡ ಉತ್ತರ ದೊಡ್ಡದು. ಇನ್ನು ಮೇಲೆ ಧರ್ಮ ಕಾಯೋದು ಮಠದವರ ಕೆಲಸ ಮಾತ್ರ ಅಲ್ಲ, ಸಂಸಾರಸ್ಥರೂ ಓದಬೇಕು, ಸಂಸಾರಸ್ಥರೂ ಧ್ಯಾನ ಮಾಡಬೇಕು ಅಂತ ಅವರು ಹೊರಟರು. ಊರೂರು ತಿರುಗಿ ಪ್ರವಚನ ಮಾಡಿದರು, ಜನಕ್ಕೆ ಅರ್ಥವಾಗೋ ಬರ್ಮೀ ಭಾಷೆಯಲ್ಲಿ ಪುಸ್ತಕ ಬರೆದರು. ಇತಿಹಾಸಕಾರ ಎರಿಕ್ ಬ್ರಾನ್ ಇವರ ಬಗ್ಗೆ 2013ರಲ್ಲಿ ಒಂದು ಇಡೀ ಪುಸ್ತಕ ಬರೆದು, ಇವತ್ತಿನ ಸಾಮೂಹಿಕ ಧ್ಯಾನ ಚಳವಳಿಯ ಬೇರು ಇಲ್ಲೇ ಇದೆ ಅಂತ ತೋರಿಸಿದ್ದಾರೆ.

ಅಂದರೆ "ಇದು ಎರಡೂವರೆ ಸಾವಿರ ವರ್ಷದಿಂದ ಎಲ್ಲರೂ ಮಾಡ್ತಾ ಬಂದಿದ್ದು" ಅನ್ನೋ ಮಾತು ಅರ್ಧ ನಿಜ. ವಿದ್ಯೆ ಹಳೆಯದು. ಆದರೆ ನಿಮ್ಮಂಥ, ನನ್ನಂಥ ಸಂಬಳದ ಜನ ಚಾಪೆ ಹಾಕಿಕೊಂಡು ಕೂರೋದು ಹೊಸದು. ಒಂದು ದೇಶ ಸ್ವಾತಂತ್ರ್ಯ ಕಳೆದುಕೊಂಡಾಗ, ಏನನ್ನಾದರೂ ಉಳಿಸಿಕೊಳ್ಳಬೇಕು ಅನ್ನೋ ಆತಂಕದಲ್ಲಿ ಹುಟ್ಟಿದ್ದು.

ಎ.ಜಿ. ಆಫೀಸಿನ ಸಾಹೇಬರು

ಲೆಡಿ ಸಯಾಡೋ ಅವರಿಂದ ಈ ವಿದ್ಯೆ ಸಯಾ ತೆಜಿ ಅನ್ನೋ ಒಬ್ಬ ಗೃಹಸ್ಥ ರೈತರಿಗೆ ಬಂತು. ಅವರಿಂದ 1937ರಲ್ಲಿ ಕಲಿತವರು ಊ ಬಾ ಖಿನ್. "ಊ" ಅನ್ನೋದು ಬರ್ಮಾದಲ್ಲಿ ಹಿರಿಯರ ಹೆಸರಿನ ಮುಂದೆ ಸೇರಿಸೋ ಗೌರವದ ಮಾತು. ನಾನು ಇವತ್ತು ಮುಖ್ಯವಾಗಿ ಹೇಳಬೇಕು ಅಂದುಕೊಂಡಿರೋದು ಇವರ ಕತೆಯನ್ನೇ. ಯಾಕಂದ್ರೆ ಆಫೀಸಿನಲ್ಲಿ ಧ್ಯಾನ ಅನ್ನೋದು ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ್ದು ಅಂತ ನಮಗೆಲ್ಲ ಒಂದು ಭಾವನೆ ಇದೆ. ಅಲ್ಲ. ಅದಕ್ಕಿಂತ ಐವತ್ತಕ್ಕೂ ಹೆಚ್ಚು ವರ್ಷ ಮೊದಲೇ ರಂಗೂನಿನ ಒಂದು ಲೆಕ್ಕಪತ್ರದ ಇಲಾಖೆಯಲ್ಲಿ ಅದು ನಡೀತಿತ್ತು.

ಊ ಬಾ ಖಿನ್ 1899ರಲ್ಲಿ ಹುಟ್ಟಿದವರು. ಮುಂದೆ ಅಕೌಂಟೆಂಟ್ ಜನರಲ್ ಕಚೇರಿಗೆ ಗುಮಾಸ್ತರಾಗಿ ಸೇರಿದರು. ನಮ್ಮಲ್ಲಿ "ಎ.ಜಿ. ಆಫೀಸು" ಅಂತೀವಲ್ಲ, ಅದೇ. ಆಗ ಬರ್ಮಾ ಇನ್ನೂ ಬ್ರಿಟಿಷ್ ಇಂಡಿಯಾದ ಭಾಗ. 1937ರಲ್ಲಷ್ಟೇ ಬೇರೆಯಾಯಿತು. ಒಂದೊಂದೇ ಮೆಟ್ಟಿಲು ಹತ್ತುತ್ತಾ, 1948ರ ಜನವರಿ 4ರಂದು ಬರ್ಮಾಕ್ಕೆ ಸ್ವಾತಂತ್ರ್ಯ ಬಂದಾಗ ಇವರು ದೇಶದ ಅಕೌಂಟೆಂಟ್ ಜನರಲ್ ಆದರು. ಹೊಸ ದೇಶ, ಯುದ್ಧದಲ್ಲಿ ನುಚ್ಚುನೂರಾದ ಊರು, ಕಡತಗಳ ರಾಶಿ, ಲಂಚದ ಕಾಟ. ಎಂಥ ಕೆಲಸ ಅಂತ ಊಹಿಸ್ಕೊಳ್ಳಿ.

1950ರಲ್ಲಿ ಅವರು ತಮ್ಮ ಕಚೇರಿಯಲ್ಲೇ "ಅಕೌಂಟೆಂಟ್ ಜನರಲ್ ಕಚೇರಿಯ ವಿಪಶ್ಯನಾ ಸಂಘ" ಅಂತ ಶುರು ಮಾಡಿದರು. ಆಫೀಸಿನ ನೌಕರರಿಗೆ ತಾವೇ ಧ್ಯಾನ ಕಲಿಸಿದರು. 1952ರಲ್ಲಿ ಶ್ವೆಡಗೊನ್ ಪಗೋಡಾದಿಂದ ಸ್ವಲ್ಪ ದೂರದಲ್ಲಿ ಅಂತಾರಾಷ್ಟ್ರೀಯ ಧ್ಯಾನ ಕೇಂದ್ರ ತೆರೆದರು. ಹಗಲು ಕಡತ, ಮಿಕ್ಕ ಹೊತ್ತು ಶಿಷ್ಯರು. ಒಂದೇ ಕಾಲಕ್ಕೆ ಒಂದಕ್ಕಿಂತ ಹೆಚ್ಚು ಸರ್ಕಾರಿ ಇಲಾಖೆಗಳ ಮುಖ್ಯಸ್ಥರಾಗಿಯೂ ಇದ್ದರು. ನಿವೃತ್ತಿಯ ವಯಸ್ಸು ಕಳೆದ ಮೇಲೂ ಸರ್ಕಾರ ಬಿಡಲಿಲ್ಲ. ಸರ್ಕಾರಿ ಸೇವೆಯಿಂದ ಪೂರ್ತಿ ಬಿಡುಗಡೆ ಸಿಕ್ಕಿದ್ದು 1967ರಲ್ಲಿ. 1971ರಲ್ಲಿ ತೀರಿಕೊಂಡರು.

ಇಲ್ಲಿ ಎರಡು ವಿಷಯ ಗಟ್ಟಿಯಾಗಿ ಹೇಳಬೇಕು. ಒಂದು: ಅಲ್ಲಿ ಮೊದಲು ಕೂತವರು ಸಾಹೇಬರು, ಆಮೇಲೆ ಗುಮಾಸ್ತರು. ಎರಡು: ಧ್ಯಾನಕ್ಕೆ ಕೂರೋ ಮೊದಲು ಐದು ಶೀಲ ತಗೋಬೇಕಿತ್ತು. ಕೊಲ್ಲೋದಿಲ್ಲ, ಕದಿಯೋದಿಲ್ಲ, ಸುಳ್ಳು ಹೇಳೋದಿಲ್ಲ, ವ್ಯಭಿಚಾರ ಮಾಡೋದಿಲ್ಲ, ಅಮಲು ಪದಾರ್ಥ ಮುಟ್ಟೋದಿಲ್ಲ ಅಂತ. ಲೆಕ್ಕಪತ್ರದ ಇಲಾಖೆಯಲ್ಲಿ "ಕದಿಯೋದಿಲ್ಲ" ಅಂದರೆ ಏನರ್ಥ ಅಂತ ಬಿಡಿಸಿ ಹೇಳಬೇಕಾ? ಇಲಾಖೆಯಲ್ಲಿ ಲಂಚ, ಸೋಮಾರಿತನ ಕಡಿಮೆಯಾಯಿತು ಅಂತ ಅವರ ಶಿಷ್ಯರು ನೆನಪಿಸಿಕೊಳ್ತಾರೆ. ಶಿಷ್ಯರ ಮಾತಿಗೆ ಸ್ವಲ್ಪ ಅಭಿಮಾನದ ತೂಕ ಕಳೆದೇ ನೋಡೋಣ. ಆದರೂ ಆ ಕೋಣೆಯ ಉದ್ದೇಶ ಸ್ಪಷ್ಟ: ನೌಕರನ ಮನಸ್ಸನ್ನ ಮಾತ್ರ ಅಲ್ಲ, ಆಫೀಸನ್ನೂ ಬದಲಾಯಿಸೋದು.

"ತಲೆನೋವಿಗೆ ಅಂತ ಆದರೆ ಬೇಡ"

1955ರಲ್ಲಿ ಈ ಸಾಹೇಬರ ಹತ್ತಿರ ಒಬ್ಬ ಯುವ ಉದ್ಯಮಿ ಬಂದರು. ಸತ್ಯನಾರಾಯಣ ಗೋಯಂಕಾ. 1924ರಲ್ಲಿ ಮಂಡಾಲೆಯ ಮಾರವಾಡಿ ಮನೆತನದಲ್ಲಿ ಹುಟ್ಟಿದವರು, ಕಟ್ಟಾ ಸನಾತನಿಗಳು. ದುಡ್ಡು, ಹೆಸರು ಎಲ್ಲ ಇತ್ತು. ಜೊತೆಗೆ ಭಯಂಕರ ಮೈಗ್ರೇನ್ ಇತ್ತು. ನೋವು ತಡೆಯೋಕೆ ಮಾರ್ಫಿನ್ ಚುಚ್ಚಿಸಿಕೊಳ್ಳೋ ಮಟ್ಟಕ್ಕೆ ಬಂದಿತ್ತು. ವಿದೇಶದ ಡಾಕ್ಟರುಗಳನ್ನೂ ಕಂಡು ಬಂದರು, ಉಪಯೋಗ ಆಗಲಿಲ್ಲ. ಸ್ನೇಹಿತರೊಬ್ಬರು, ಊ ಬಾ ಖಿನ್ ಹತ್ತಿರ ಹೋಗು ಅಂದರು.

ಗೋಯಂಕಾ ಹೋಗಿ ತಲೆನೋವು ವಾಸಿಮಾಡಿಕೊಳ್ಳೋಕೆ ಬಂದಿದ್ದೀನಿ ಅಂದಾಗ ಊ ಬಾ ಖಿನ್ ಒಪ್ಪಲಿಲ್ಲ. ಗೋಯಂಕಾ ಇದನ್ನ ಮುಂದೆ ಎಷ್ಟೋ ಪ್ರವಚನಗಳಲ್ಲಿ ಹೇಳಿಕೊಂಡಿದ್ದಾರೆ. ಗುರುಗಳು ಹೇಳಿದ್ದರ ತಾತ್ಪರ್ಯ ಇಷ್ಟು: ಈ ವಿದ್ಯೆಯನ್ನ ಒಂದು ಮೈರೋಗದ ಔಷಧಿ ಮಾಡಿ ಇದರ ಬೆಲೆ ಇಳಿಸಬೇಡ. ಮನಸ್ಸಿನ ಕೊಳೆ ತೊಳೆದುಕೊಳ್ಳೋಕೆ ಬರೋದಾದರೆ ಬಾ. ತಲೆನೋವು ಹೋಗೋದಾದರೆ ತಾನಾಗಿ ಹೋಗುತ್ತೆ, ಅದು ಉಪಫಲ.

ಉಪಫಲ. ಈ ಒಂದು ಪದದ ಮೇಲೆ ನಮ್ಮ ಇವತ್ತಿನ ಪ್ರಶ್ನೆಯೆಲ್ಲ ನಿಂತಿದೆ. ತಲೆನೋವಿನ ಜಾಗದಲ್ಲಿ ಕ್ರಿಯೇಟಿವಿಟಿ ಅಂತ ಹಾಕಿ ನೋಡಿ. "ಸಾರ್, ನನಗೆ ಹೊಸ ಐಡಿಯಾ ಬರ್ತಿಲ್ಲ, ಈ ಕ್ವಾರ್ಟರಿನಲ್ಲಿ ಏನಾದರೂ ಇನ್ನೋವೇಟಿವ್ ತೋರಿಸಬೇಕು, ಅದಕ್ಕೆ ಧ್ಯಾನ ಕಲಿಸಿ" ಅಂತ ಯಾರಾದರೂ ರಂಗೂನಿಗೆ ಹೋಗಿದ್ದರೆ ಅದೇ ಉತ್ತರ ಸಿಗ್ತಿತ್ತು ಅಂತ ನನ್ನ ನಂಬಿಕೆ.

ಪೆನ್ನನ್ನ ಹೊರಗಿಟ್ಟು ಬನ್ನಿ

ಗೋಯಂಕಾ ಹದಿನಾಲ್ಕು ವರ್ಷ ಗುರುಗಳ ಹತ್ತಿರ ಕಲಿತು 1969ರಲ್ಲಿ ಭಾರತಕ್ಕೆ ಬಂದರು. ಮೊದಲ ಶಿಬಿರ ನಡೆದಿದ್ದು ಅದೇ ವರ್ಷ ಮುಂಬೈನ ಒಂದು ಧರ್ಮಶಾಲೆಯಲ್ಲಿ, ಬೆರಳೆಣಿಕೆಯ ಜನಕ್ಕೆ. ಅವರಲ್ಲಿ ಅವರ ತಂದೆ ತಾಯಿಯೂ ಇದ್ದರು. 1976ರಲ್ಲಿ ನಾಸಿಕದ ಹತ್ತಿರ ಇಗತ್‌ಪುರಿಯ ಕೇಂದ್ರ ಶುರುವಾಯಿತು. ಹೈದರಾಬಾದಿನ ನಾಗಾರ್ಜುನ ಸಾಗರ ರಸ್ತೆಯ ಕೇಂದ್ರವೂ ಆ ಕಾಲದ್ದೇ. ದೆಹಲಿಯವರಿಗೆ ಗೊತ್ತಿರುತ್ತೆ, ಕಿರಣ್ ಬೇಡಿ ಅಧಿಕಾರಿಯಾಗಿದ್ದಾಗ 1994ರಲ್ಲಿ ತಿಹಾರ್ ಜೈಲಿನಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳಿಗೆ ಒಟ್ಟಿಗೆ ಶಿಬಿರ ಮಾಡಿದರು.

ಶಿಬಿರಕ್ಕೆ ಹೋಗಿಬಂದ ಸಹೋದ್ಯೋಗಿ ಯಾರಾದರೂ ನಿಮಗೆ ಇದ್ದೇ ಇರ್ತಾರೆ. ಹತ್ತು ದಿನ. ಬೆಳಿಗ್ಗೆ ನಾಲ್ಕಕ್ಕೆ ಗಂಟೆ. ದಿನಕ್ಕೆ ಸುಮಾರು ಹತ್ತು ಗಂಟೆ ಕೂರೋದು. ಮೊದಲ ಮೂರು ದಿನ ಉಸಿರು ನೋಡೋದು, ಅದಕ್ಕೆ ಆನಾಪಾನ ಅಂತಾರೆ. ನಾಲ್ಕನೇ ದಿನದಿಂದ ಮೈಯ ಸಂವೇದನೆಗಳನ್ನ ಒಂದೊಂದಾಗಿ ಗಮನಿಸೋದು. ಮಾತಿಲ್ಲ, ಫೋನಿಲ್ಲ. ಫೋನ್ ಇಲ್ಲ ಅನ್ನೋದನ್ನೇ ಎಲ್ಲರೂ ದೊಡ್ಡದಾಗಿ ಹೇಳ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸೋದು ಇನ್ನೊಂದು ನಿಯಮ: ಪುಸ್ತಕ ಇಲ್ಲ, ಪೆನ್ನಿಲ್ಲ, ಸಂಗೀತ ಇಲ್ಲ. ಓದೋ ಬರೆಯೋ ಸಾಮಾನೆಲ್ಲ ಮೊದಲ ದಿನವೇ ಆಫೀಸಿನಲ್ಲಿ ಕೊಟ್ಟುಬಿಡಬೇಕು.

ಯೋಚನೆ ಮಾಡಿ. ಹತ್ತು ದಿನ ಸುಮ್ಮನೆ ಕೂತರೆ ತಲೆಯಲ್ಲಿ ಯೋಚನೆಗಳ ಜಾತ್ರೆಯೇ ನಡೆಯುತ್ತೆ. ಅದರಲ್ಲಿ ಒಳ್ಳೆಯವೂ ಇರ್ತವೆ. ಯಾವುದೋ ಡಿಸೈನ್ ಹೊಳೀಬಹುದು, ಒಂದು ಕತೆಯ ಸಾಲು ಬರಬಹುದು. ಬರೆದಿಟ್ಟುಕೊಳ್ಳೋ ಹಾಗಿಲ್ಲ! ಹೊಳೆದಿದ್ದನ್ನ ಹಿಡೀಬೇಡ, ಬಂತು, ಹೋಯಿತು, ಬಿಡು ಅನ್ನೋದೇ ಅಲ್ಲಿಯ ಪಾಠ. ಕ್ರಿಯೇಟಿವಿಟಿ ಹೆಚ್ಚಿಸೋ ಕಾರ್ಯಕ್ರಮ ಅಂತ ಯಾರಾದರೂ ಇದನ್ನ ಡಿಸೈನ್ ಮಾಡಿದ್ದರೆ ಮೊದಲು ಪೆನ್ನು ಕೊಡ್ತಿದ್ದರು. ಇವರು ಪೆನ್ನು ಕಿತ್ತುಕೊಳ್ತಾರೆ.

ಹಾಗಂತ ಇಲ್ಲಿಂದ ಏನೂ ಹುಟ್ಟಲಿಲ್ಲವಾ? ಹುಟ್ಟಿದೆ. ಗೋಯಂಕಾ ಅವರೇ ಹಿಂದಿಯಲ್ಲಿ, ರಾಜಸ್ಥಾನಿಯಲ್ಲಿ ಎಷ್ಟೋ ದೋಹೆ ಬರೆದರು, ಶಿಬಿರಗಳಲ್ಲಿ ಇವತ್ತಿಗೂ ಕೇಳಿಸ್ತವೆ. ಇನ್ನೊಂದು ಉದಾಹರಣೆ ನಿಮ್ಮ ಶೆಲ್ಫಿನಲ್ಲೇ ಇರಬಹುದು. "ಸೇಪಿಯನ್ಸ್" ಬರೆದ ಯುವಾಲ್ ನೋವಾ ಹರಾರಿ 2000ದಲ್ಲಿ, ಆಕ್ಸ್‌ಫರ್ಡಿನಲ್ಲಿ ಡಾಕ್ಟರೇಟ್ ಮಾಡ್ತಿದ್ದಾಗ ಗೋಯಂಕಾ ಪದ್ಧತಿಯ ಶಿಬಿರಕ್ಕೆ ಹೋದರು. ಅವತ್ತಿನಿಂದ ದಿನಾ ಎರಡು ಗಂಟೆ ಕೂರ್ತಾರೆ, ವರ್ಷಕ್ಕೊಮ್ಮೆ ದೀರ್ಘ ಶಿಬಿರಕ್ಕೆ ಹೋಗ್ತಾರೆ. "ಹೋಮೋ ಡಿಯಸ್" ಪುಸ್ತಕವನ್ನ ಗೋಯಂಕಾ ಅವರಿಗೇ ಅರ್ಪಿಸಿದ್ದಾರೆ. ಈ ಅಭ್ಯಾಸ ಕೊಟ್ಟ ಏಕಾಗ್ರತೆ, ಸ್ಪಷ್ಟತೆ ಇಲ್ಲದಿದ್ದರೆ ಆ ಪುಸ್ತಕಗಳನ್ನ ಬರೆಯೋಕೆ ಆಗ್ತಿರಲಿಲ್ಲ ಅಂತಲೂ ಹೇಳಿದ್ದಾರೆ. ಅವರು ಕೊಟ್ಟ ಕಾರಣ ನೋಡಿ: ಐಡಿಯಾ ಬಂತು ಅಂತಲ್ಲ, ಸ್ಪಷ್ಟತೆ ಬಂತು ಅಂತ. ಎರಡೂ ಒಂದೇ ಅಲ್ಲ.

ಬೋಧಗಯಾದ ಒಂದು ಚಳಿಗಾಲ

ರಂಗೂನಿನಿಂದ ಮುಂಬೈವರೆಗೆ ಬಂದೆವು. ಮುಂಬೈನಿಂದ ಸಿಲಿಕಾನ್ ವ್ಯಾಲಿಗೆ ಹೋಗೋ ದಾರಿ ಬೋಧಗಯಾದ ಮೇಲೆ ಹಾದುಹೋಗುತ್ತೆ. 1970–71ರ ಚಳಿಗಾಲದಲ್ಲಿ ಗೋಯಂಕಾ ಅಲ್ಲಿ ಶಿಬಿರಗಳನ್ನ ಮಾಡಿದರು. ಭಾರತ ಸುತ್ತೋಕೆ ಬಂದಿದ್ದ ಅಮೆರಿಕನ್ ಹುಡುಗ ಹುಡುಗಿಯರು ಬಹಳ ಜನ ಅಲ್ಲಿ ಕೂತರು. ಶಾರನ್ ಸಾಲ್ಜ್‌ಬರ್ಗ್, ಮಿರಾಬಾಯಿ ಬುಷ್, ಮುಂದೆ ಭಾವನಾತ್ಮಕ ಬುದ್ಧಿಮತ್ತೆಯ ಪುಸ್ತಕದಿಂದ ಹೆಸರಾದ ಡೇನಿಯಲ್ ಗೋಲ್ಮನ್, ಎಲ್ಲ ಅಲ್ಲಿದ್ದವರು.

ಸಾಲ್ಜ್‌ಬರ್ಗ್ ಮತ್ತು ಗೆಳೆಯರು ವಾಪಸ್ ಹೋಗಿ ಮ್ಯಾಸಚೂಸೆಟ್ಸ್‌ನ ಬ್ಯಾರಿಯಲ್ಲಿ ಧ್ಯಾನ ಕೇಂದ್ರ ಕಟ್ಟಿದರು. 1979ರಲ್ಲಿ ಅಲ್ಲಿಗೆ ಶಿಬಿರಕ್ಕೆ ಬಂದಿದ್ದ ಜಾನ್ ಕಬಟ್-ಜಿನ್ ಅನ್ನೋ ಅಣುಜೀವಶಾಸ್ತ್ರಜ್ಞರಿಗೆ, ಇದನ್ನ ಆಸ್ಪತ್ರೆಗೆ ತಗೊಂಡು ಹೋದರೆ ಹೇಗೆ ಅಂತ ಅನ್ನಿಸಿತು. ಅದೇ ವರ್ಷ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ, ಬೇರೆ ಚಿಕಿತ್ಸೆಗೆ ಬಗ್ಗದ ದೀರ್ಘಕಾಲದ ನೋವಿನ ರೋಗಿಗಳಿಗೆ ಒಂದು ಕಾರ್ಯಕ್ರಮ ಶುರು ಮಾಡಿದರು. ಬುದ್ಧನ ಹೆಸರು, ಶೀಲ, ದೀಕ್ಷೆ ಎಲ್ಲ ಹಿಂದೆ ಸರಿಯಿತು. ಊ ಬಾ ಖಿನ್ ಯಾವುದನ್ನ ಬೇಡ ಅಂದಿದ್ದರೋ ಅದೇ, ನೋವಿಗೆ ಔಷಧಿ ಅನ್ನೋದೇ, ಇಲ್ಲಿ ಮುಂಬಾಗಿಲಾಯಿತು. ನಾನು ಇದನ್ನ ತಪ್ಪು ಅಂತ ಹೇಳ್ತಿಲ್ಲ. ನೋವಿನಲ್ಲಿರೋ ಮನುಷ್ಯನಿಗೆ ಉಪಯೋಗ ಆದರೆ ಆಗಲಿ.

ಮುಂದಿನ ಹೆಜ್ಜೆ 2007ರಲ್ಲಿ. ಗೂಗಲ್‌ನ ಮೊದಮೊದಲ ಎಂಜಿನಿಯರುಗಳಲ್ಲಿ ಒಬ್ಬರಾದ, ಸಿಂಗಾಪುರ ಮೂಲದ ಚೇಡ್-ಮೆಂಗ್ ಟಾನ್ ನೌಕರರಿಗಾಗಿ ಒಂದು ಕೋರ್ಸ್ ಶುರು ಮಾಡಿದರು. ಅದನ್ನ ರೂಪಿಸೋಕೆ ನೆರವಾದವರು ಯಾರು ಗೊತ್ತಾ? ಗೋಲ್ಮನ್, ಮಿರಾಬಾಯಿ ಬುಷ್. ಬೋಧಗಯಾದ ಅದೇ ಚಳಿಗಾಲದವರು! ಅಲ್ಲಿಂದ ಅದು ಕಂಪನಿಯಿಂದ ಕಂಪನಿಗೆ ಹಬ್ಬಿ, ಆ್ಯಪ್ ಆಗಿ, ಇಪ್ಪತ್ತು ನಿಮಿಷದ ಸೆಷನ್ ಆಗಿ ನಮ್ಮ ಕ್ಯಾಲೆಂಡರಿಗೆ ಬಂದು ಕೂತಿತು. ರಂಗೂನಿನ ಒಂದು ಆಫೀಸಿನಿಂದ ಹೊರಟು ಪ್ರಪಂಚ ಸುತ್ತಿ ಇನ್ನೊಂದು ಆಫೀಸಿಗೆ ಬಂತು. ಬರೋ ದಾರಿಯಲ್ಲಿ ಹತ್ತು ದಿನ ಇಪ್ಪತ್ತು ನಿಮಿಷವಾಯಿತು, ಶೀಲ ಬಿದ್ದುಹೋಯಿತು, ಉಪಫಲವೇ ಫಲವಾಯಿತು.

ಇಟ್ಟಿಗೆಯಿಂದ ಏನೇನು ಮಾಡಬಹುದು?

ಈಗ ಕ್ರಿಯೇಟಿವಿಟಿ ಅನ್ನೋ ಇನ್ನೊಂದು ಎಳೆ. ಊ ಬಾ ಖಿನ್ ತಮ್ಮ ಕಚೇರಿಯಲ್ಲಿ ಸಂಘ ಕಟ್ಟಿದ 1950ರಲ್ಲೇ, ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಅಧ್ಯಕ್ಷ ಜೆ. ಪಿ. ಗಿಲ್ಫರ್ಡ್ ತಮ್ಮ ಅಧ್ಯಕ್ಷ ಭಾಷಣದಲ್ಲಿ, ಸೃಜನಶೀಲತೆಯನ್ನ ನಾವು ಅಧ್ಯಯನವೇ ಮಾಡ್ತಿಲ್ಲವಲ್ಲ ಅಂತ ಕೇಳಿದರು. ಅಲ್ಲಿಂದ ಅದನ್ನ ಅಳೆಯೋ ಪರೀಕ್ಷೆಗಳು ಬಂದವು. ಇಟ್ಟಿಗೆಯಿಂದ ಏನೇನು ಮಾಡಬಹುದು, ಪಟ್ಟಿ ಮಾಡಿ ಅನ್ನೋ ಪರೀಕ್ಷೆ ಆ ಜಾತಿಯದು. ಹೊಸ ಹೊಸ ದಾರಿಗೆ ಕವಲೊಡೆಯೋ ಯೋಚನೆಯನ್ನ ಅದು ಅಳೆಯುತ್ತೆ.

2012ರಲ್ಲಿ ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ಲೊರೆಂಜಾ ಕೊಲ್ಜಾಟೊ ಮತ್ತು ಸಂಗಡಿಗರು ಒಂದು ಸಣ್ಣ ಪ್ರಯೋಗ ಮಾಡಿದರು. ಒಂದೇ ವಸ್ತುವಿನ ಮೇಲೆ ಗಮನ ನಿಲ್ಲಿಸೋ ಧ್ಯಾನ ಒಂದು ಬಗೆ. ಏನು ಬಂದರೂ ತಡೆಯದೆ ಬರೀ ನೋಡ್ತಾ ಕೂರೋದು ಇನ್ನೊಂದು ಬಗೆ. ಎರಡನೆಯದನ್ನ ಮಾಡಿದ ಮೇಲೆ ಜನ ಹೆಚ್ಚು ಬಗೆಯ ಉತ್ತರ ಕೊಟ್ಟರು. ಮೊದಲನೆಯದರಲ್ಲಿ ಆ ಲಾಭ ಕಾಣಲಿಲ್ಲ. ಅಂದರೆ "ಮೈಂಡ್‌ಫುಲ್‌ನೆಸ್ ಮಾಡಿದರೆ ಕ್ರಿಯೇಟಿವಿಟಿ ಬರುತ್ತೆ" ಅನ್ನೋ ವಾಕ್ಯದಲ್ಲಿ ಮೊದಲು ಕೇಳಬೇಕಾದ್ದು, ಯಾವ ಮೈಂಡ್‌ಫುಲ್‌ನೆಸ್ ಅಂತ.

ಅದೇ 2012ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ ಬೆಂಜಮಿನ್ ಬೇರ್ಡ್ ಮತ್ತಿತರರು ಉಲ್ಟಾ ದಿಕ್ಕಿನ ಫಲಿತಾಂಶ ಕಂಡರು. ಇಟ್ಟಿಗೆಯಂಥ ಪ್ರಶ್ನೆಯ ನಡುವೆ ಬಿಡುವು ಕೊಟ್ಟು, ಆ ಬಿಡುವಿನಲ್ಲಿ ತಲೆ ಹೆಚ್ಚು ಬೇಡದ ಸುಲಭ ಕೆಲಸ ಮಾಡಿಸಿದಾಗ, ಅಂದರೆ ಮನಸ್ಸು ಅಲೆದಾಡೋಕೆ ಬಿಟ್ಟಾಗ, ವಾಪಸ್ ಬಂದು ಅದೇ ಪ್ರಶ್ನೆಗೆ ಹೆಚ್ಚು ಚೆನ್ನಾಗಿ ಉತ್ತರ ಕೊಟ್ಟರು. ಆಮೇಲಿನ ಎಲ್ಲ ಪ್ರಯೋಗಗಳಲ್ಲೂ ಇದು ಹೀಗೇ ಬಂದಿಲ್ಲ ಅನ್ನೋದನ್ನೂ ಸೇರಿಸಿಯೇ ಹೇಳಬೇಕು. ಆದರೆ ನಮ್ಮ ಅಜ್ಜಿಯರಿಗೆ ಇದು ಗೊತ್ತಿತ್ತು. ಅವರೆಕಾಳು ಬಿಡಿಸ್ತಾ ಕೂತಾಗ ಬರೋ ಹಾಡು, ಬರೋ ಒಗಟು ಬೇರೆ ಹೊತ್ತಲ್ಲಿ ಬರೋದಿಲ್ಲ.

ನೋಡಿ, ಲ್ಯಾಬಿನಲ್ಲೂ ಅದೇ ಜಗಳ: ಮೈಮರೆವಾ, ಮೈಯೆಚ್ಚರವಾ?

ಸಮ ತಪ್ಪದ ಮೈಮರೆವು

ಜಗಳ ಬಿಡಿಸೋಕೆ ಈಗ ಆ ವಾಚ್‌ಮನ್‌ನ ಕರೆಯೋಣ. ಗೇಟಿಗೆ ಅತಿಥಿ ಬರಬೇಕಾದರೆ ದಾರಿ ತೆರೆದಿರಬೇಕು. ಅದು ಅಲೆಯೋ ಮನಸ್ಸಿನ ಕೆಲಸ. ಆದರೆ ಬಂದ ಅತಿಥಿ ಯಾರು ಅಂತ ಗುರುತು ಹಿಡಿಯೋಕೆ ಗೇಟಿನಲ್ಲಿ ಒಬ್ಬ ಎಚ್ಚರವಾಗಿರಬೇಕು. ಬರೀ ಅಲೆದಾಟ ಆದರೆ ಒಳ್ಳೆಯ ಯೋಚನೆ ಬಂದು, ಬಾಗಿಲಲ್ಲಿ ನಿಂತು, ವಾಪಸ್ ಹೋಗುತ್ತೆ. ಬರೀ ಕಾವಲಾದರೆ ಗೇಟ್ ಮುಚ್ಚಿಯೇ ಇರುತ್ತೆ.

ಪುಣೆಯವರಿಗೆ ಇದನ್ನ ಕಿವಿಯಿಂದಲೇ ತೋರಿಸಬಹುದು. ಗದಗಿನ ಭೀಮಸೇನ ಜೋಶಿಯವರು ತಮ್ಮ ಗುರು, ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ ಪುಣೆಯಲ್ಲಿ 1953ರಿಂದ ನಡೆಸಿಕೊಂಡು ಬಂದ ಉತ್ಸವ ನಿಮ್ಮೂರಿನ ಡಿಸೆಂಬರಿನ ಹೆಮ್ಮೆ. ಅಲ್ಲಿ ದೊಡ್ಡ ಗಾಯಕರು ಹಾಡೋದನ್ನ ನೋಡಿ. ಕಣ್ಣು ಮುಚ್ಚಿದೆ, ಕೈ ಎಲ್ಲೋ ಹೋಗ್ತಿದೆ, ಮುಖ ಹೇಗೆ ಕಾಣುತ್ತೆ ಅನ್ನೋ ಪರಿವೆ ಇಲ್ಲ. ಪೂರ್ತಿ ಮೈಮರೆತಿದ್ದಾರೆ ಅಂತೀವಿ. ಆದರೆ ಎಂಥ ಉದ್ದದ ತಾನ್ ಹೊಡೆದರೂ ಕೊನೆಗೆ ಸಮಕ್ಕೆ ಬಂದು ಬೀಳ್ತಾರೆ, ಒಂದು ಕೂದಲೆಳೆ ಆಚೀಚೆ ಆಗೋದಿಲ್ಲ. ತಬಲಾದ ಪ್ರತಿ ಮಾತ್ರೆ ಅವರ ನೆನಪಿನಲ್ಲಿದೆ. ಹಾಗಾದರೆ ಮರೆತಿದ್ದು ಏನನ್ನ?

ಮರೆತಿದ್ದು ತಮ್ಮನ್ನ. ಮರೆಯದೇ ಇದ್ದಿದ್ದು ಹಾಡನ್ನ.

ನಾನು ಹೇಳಬೇಕಾಗಿದ್ದು ಇಷ್ಟೇ. ಮೈಮರೆವು, ಮೈಯೆಚ್ಚರ ಎರಡೂ ವಿರುದ್ಧ ಅಲ್ಲ. "ನಾನು ಹೇಗೆ ಕಾಣ್ತೀನಿ, ನನ್ನ ರೇಟಿಂಗ್ ಏನಾಗುತ್ತೆ, ಪಕ್ಕದವನು ಏನಂತಾನೆ" ಅನ್ನೋದು ಮರೆಯಬೇಕು. ಮಾಡ್ತಿರೋ ಕೆಲಸ ನೆನಪಿರಬೇಕು. ಸತಿ ಅಂದರೆ ನೆನಪು ಅಂದೆನಲ್ಲ, ಆ ನೆನಪು. ಊ ಬಾ ಖಿನ್ ತಲೆನೋವಿಗೆ ಅಂತ ಬಂದವರನ್ನ ಯಾಕೆ ತಡೆದರು ಅಂತ ಈಗ ಅರ್ಥವಾಗುತ್ತೆ. "ನನಗೆ ಏನು ಸಿಗುತ್ತೆ" ಅಂತ ಲೆಕ್ಕ ಹಾಕ್ತಾ ಕೂತರೆ, ಮರೆಯಬೇಕಾದ "ನಾನು" ಅಲ್ಲೇ ಮಧ್ಯದಲ್ಲಿ ಗಟ್ಟಿಯಾಗಿ ಕೂತಿರ್ತಾನೆ. ಕ್ರಿಯೇಟಿವಿಟಿ ಬೇಕು ಅಂತ ಧ್ಯಾನ ಮಾಡೋನ ಕಷ್ಟವೂ ಇದೇ.

ಆಫೀಸಿಗೆ ಒಂದು ಪ್ರಶ್ನೆ

ಇದು ಬರೀ ಒಬ್ಬೊಬ್ಬರ ಮನಸ್ಸಿನ ವಿಷಯ ಅಂತ ಇಲ್ಲಿಗೇ ಮುಗಿಸಿದರೆ ಇತಿಹಾಸಕ್ಕೆ ಅನ್ಯಾಯ ಮಾಡಿದ ಹಾಗೆ. ಸ್ಯಾನ್ ಫ್ರಾನ್ಸಿಸ್ಕೋದ ಮ್ಯಾನೇಜ್‌ಮೆಂಟ್ ಪ್ರಾಧ್ಯಾಪಕ ರೊನಾಲ್ಡ್ ಪರ್ಸರ್ 2019ರಲ್ಲಿ "ಮೆಕ್‌ಮೈಂಡ್‌ಫುಲ್‌ನೆಸ್" ಅಂತ ಒಂದು ಪುಸ್ತಕ ಬರೆದರು. ಒತ್ತಡ ಹುಟ್ಟಿಸೋ ವ್ಯವಸ್ಥೆ ಹಾಗೇ ಇದ್ದು, ಅದನ್ನ ತಡ್ಕೊಳ್ಳೋ ಹೊಣೆಯನ್ನ ಮಾತ್ರ ನೌಕರನ ತಲೆಗೆ ಕಟ್ಟೋದು ಈ ಬರ್ಗರ್ ಥರದ ಧ್ಯಾನ ಅನ್ನೋದು ಅವರ ದೂರು. ಅವರ ಎಲ್ಲ ಮಾತನ್ನ ನಾನು ಒಪ್ಪಲ್ಲ. ಇಪ್ಪತ್ತು ನಿಮಿಷ ಸುಮ್ಮನೆ ಕೂತರೆ ನಷ್ಟವಂತೂ ಇಲ್ಲ. ಆದರೆ ಆ ದೂರನ್ನ ರಂಗೂನಿನ ಪಕ್ಕ ಇಟ್ಟು ನೋಡಿ.

ಅಲ್ಲಿ ಸಾಹೇಬರು ಮೊದಲು ಕೂತರು. ನಮ್ಮಲ್ಲಿ ಸೆಷನ್‌ಗೆ ಡೆಲಿವರಿ ಹೆಡ್ ಬರ್ತಾರಾ? ಅಲ್ಲಿ ಕದಿಯೋದಿಲ್ಲ ಅನ್ನೋ ಮಾತು ಮೊದಲು ಬಂತು. ನಮ್ಮಲ್ಲಿ ಶನಿವಾರದ ರಾತ್ರಿಯನ್ನ, ಮಗುವಿನ ಶಾಲೆಯ ಕಾರ್ಯಕ್ರಮವನ್ನ, ಊರಲ್ಲಿರೋ ಅಪ್ಪ ಅಮ್ಮನ ಜೊತೆ ಮಾತಾಡೋ ಹೊತ್ತನ್ನ ಕದಿಯೋದು ಕಳ್ಳತನದ ಪಟ್ಟಿಯಲ್ಲಿ ಇದೆಯಾ? ಅಲೆಯೋಕೆ ಬಿಡುವೇ ಇಲ್ಲದ ಮನಸ್ಸಿಗೆ ವಾಚ್‌ಮನ್ ಇಟ್ಟು ಏನು ಪ್ರಯೋಜನ? ಬರೋಕೆ ಅತಿಥಿಯೇ ಇಲ್ಲ.

ಬಿಡುವನ್ನ ನಾವೂ ಕೈಯಾರೆ ಕೊಟ್ಟುಬಿಡ್ತಿದ್ದೀವಿ ಅನ್ನೋದೂ ನಿಜ. ಪುಣೆಯಿಂದ ಹುಬ್ಬಳ್ಳ್ಳಿಗೆ, ಹೈದರಾಬಾದಿನಿಂದ ಕಲಬುರಗಿಗೆ, ಚೆನ್ನೈನಿಂದ ಬೆಂಗಳೂರಿಗೆ ಹೋಗೋ ರೈಲಿನ ಕಿಟಕಿ, ಪಾತ್ರೆ ತೊಳೆಯೋ ಹತ್ತು ನಿಮಿಷ, ಚಹಾ ಕುದಿಯೋ ಹೊತ್ತು, ಇವೆಲ್ಲ ಮನಸ್ಸು ಅಲೆಯೋ ಜಾಗಗಳು. ಎಲ್ಲದರಲ್ಲೂ ರೀಲ್ಸ್ ತುಂಬಿಸಿದ್ದೀವಿ. ನನ್ನ ಕೇಳಿದರೆ ಹೊಸ ಆ್ಯಪ್ ಹಾಕ್ಕೊಳ್ಳೋದಕ್ಕಿಂತ ಮೊದಲು ಇವುಗಳಲ್ಲಿ ಒಂದನ್ನ ಖಾಲಿ ಬಿಡಿ. ಏನಾದರೂ ಹೊಳೆದರೆ ಹೊಳೆಯಲಿ, ಹೊಳೆಯದಿದ್ದರೆ ಬಿಡಲಿ. ಹೊಳೀತಾ ಅಂತ ಲೆಕ್ಕ ಮಾತ್ರ ಇಡಬೇಡಿ.

ಮುಂದಿನ ಸಲ ಆ ಮೇಲ್ ಬಂದಾಗ ಸೆಷನ್‌ಗೆ ಹೋಗಿ ಬನ್ನಿ, ಬೇಡ ಅನ್ನಲ್ಲ. ಕೊನೆಗೆ ಪ್ರಶ್ನೆಗೆ ಸಮಯ ಕೊಡ್ತಾರಲ್ಲ, ಆವಾಗ ರಂಗೂನಿನ ಆ ಅಕೌಂಟೆಂಟ್ ಸಾಹೇಬರ ಹೆಸರು ಹೇಳಿ ಒಂದು ಪ್ರಶ್ನೆ ಕೇಳಿ: "ಇದನ್ನ ಮಾಡಿದ ಮೇಲೆ ಆಫೀಸಿನಲ್ಲಿ ಏನು ಬದಲಾಗುತ್ತೆ?" ಏನು ಉತ್ತರ ಬಂತು ಅಂತ ನನಗೂ ತಿಳಿಸಿ.